ಮಸೂದೆಯನ್ನು ಸಾಲು ಸಾಲಾಗಿ ಓದುವವರು ಯಾರು? ಸಂಸದೀಯ ಸಮಿತಿಗಳು ಕೆಲಸ ಮಾಡುವ ಬಗೆ

ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ ದಿನಾಂಕ 2026ರ ಏಪ್ರಿಲ್ 1. 1961ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 536 ಸೆಕ್ಷನ್‌ಗಳ ದಪ್ಪ ಕಾನೂನು ಇದು. ಸಂಬಳ, ಬಾಡಿಗೆ, ಬ್ಯಾಂಕ್ ಬಡ್ಡಿ ಇರುವ ಪ್ರತಿಯೊಬ್ಬರಿಗೂ ತಟ್ಟುವಂಥದ್ದು.

ಇದರ ಮೊದಲ ಕರಡಿನಲ್ಲಿ ಒಂದು ಷರತ್ತು ಇತ್ತು. ಕೊನೆಯ ದಿನಾಂಕದ ಒಳಗೆ ರಿಟರ್ನ್ ಸಲ್ಲಿಸಿದವರಿಗೆ ಮಾತ್ರ ರೀಫಂಡ್ ಎಂದು ಅದರ ಅರ್ಥ. ಓದಲು ಸಣ್ಣ ಸಾಲು. ಆದರೆ ಠೇವಣಿಯ ಬಡ್ಡಿಯಲ್ಲಿ ಬದುಕುವ ಒಬ್ಬ ನಿವೃತ್ತರನ್ನು ನೆನೆಸಿಕೊಳ್ಳಿ. ಅವರ ಆದಾಯ ತೆರಿಗೆ ಮಿತಿಗಿಂತ ಕಡಿಮೆ. ಬ್ಯಾಂಕು ಮಾತ್ರ ಬಡ್ಡಿ ಕೊಡುವಾಗಲೇ ಟಿಡಿಎಸ್ ಎಂದು ತೆರಿಗೆ ಹಿಡಿದಿದೆ. ಹುಷಾರಿಲ್ಲದೆ ರಿಟರ್ನ್ ಸಲ್ಲಿಸುವುದು ಸ್ವಲ್ಪ ತಡವಾಯಿತು. ಆಗ ಅವರದೇ ದುಡ್ಡು ಅವರಿಗೆ ವಾಪಸ್ ಬರುತ್ತಿರಲಿಲ್ಲ.

ಅಂತಿಮ ಕಾಯ್ದೆಯಲ್ಲಿ ಆ ಷರತ್ತು ಇಲ್ಲ. ಅದನ್ನು ತೆಗೆಯಿರಿ ಎಂದು ಹೇಳಿದ್ದು ಲೋಕಸಭೆಯ 31 ಸದಸ್ಯರ ಒಂದು ಸಮಿತಿ. ಸಂಸದ ಬೈಜಯಂತ್ ಪಾಂಡಾ ಅದರ ಅಧ್ಯಕ್ಷರಾಗಿದ್ದರು. 2025ರ ಫೆಬ್ರುವರಿಯಲ್ಲಿ ಮಸೂದೆ ಸಮಿತಿಯ ಕೈಗೆ ಬಂತು, ಜುಲೈ 21ರಂದು ವರದಿ ಸಲ್ಲಿಕೆಯಾಯಿತು. 285 ಶಿಫಾರಸುಗಳಿದ್ದವು. ಸರ್ಕಾರ ಆಗಸ್ಟ್ 8ರಂದು ಹಳೆಯ ಮಸೂದೆಯನ್ನು ಹಿಂಪಡೆದು, ತಿದ್ದಿದ ಮಸೂದೆಯನ್ನು ಆಗಸ್ಟ್ 11ರಂದು ಮಂಡಿಸಿತು. ಅದೇ ದಿನ ಲೋಕಸಭೆ ಅದನ್ನು ಅಂಗೀಕರಿಸಿತು. ಮರುದಿನ ರಾಜ್ಯಸಭೆಯೂ ಮುಗಿಸಿತು.

ಲೋಕಸಭೆಯಲ್ಲಿ ಆ ದಿನ ಗದ್ದಲವಿತ್ತು, ಚರ್ಚೆ ನಡೆಯಲಿಲ್ಲ. ಟಿವಿಯಲ್ಲಿ ನೋಡಿದವರಿಗೆ ಇಷ್ಟು ದೊಡ್ಡ ಕಾನೂನನ್ನು ಯಾರೂ ಓದದೆ ಪಾಸು ಮಾಡಿದರಲ್ಲ ಅನ್ನಿಸಿರಬಹುದು. ಓದುವ ಕೆಲಸ ಅದಕ್ಕಿಂತ ಮೊದಲೇ, ಐದು ತಿಂಗಳ ಕಾಲ, ಕ್ಯಾಮೆರಾ ಇಲ್ಲದ ಕೋಣೆಯಲ್ಲಿ ನಡೆದಿತ್ತು. ಆ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ಗೊತ್ತಿದ್ದರೆ ಕಾನೂನಿನ ಬಗ್ಗೆ ಬರುವ ಅರ್ಧ ಸುದ್ದಿ ತಾನಾಗಿ ಅರ್ಥವಾಗುತ್ತದೆ.

ಮಸೂದೆ ಕಾಯ್ದೆಯಾಗುವ ದಾರಿ

ಸರ್ಕಾರ ತರಬೇಕೆಂದಿರುವ ಕಾನೂನಿನ ಬರಹವನ್ನು ಮಸೂದೆ ಅನ್ನುತ್ತಾರೆ. ಲೋಕಸಭೆ, ರಾಜ್ಯಸಭೆ ಎರಡೂ ಒಪ್ಪಿ, ರಾಷ್ಟ್ರಪತಿ ಅಂಕಿತ ಹಾಕಿದ ಮೇಲೆ ಅದು ಕಾಯ್ದೆ. ಸಾಮಾನ್ಯವಾಗಿ ಆಯಾ ಸಚಿವಾಲಯ ಕರಡು ತಯಾರಿಸುತ್ತದೆ, ಕಾನೂನು ಸಚಿವಾಲಯ ನೋಡುತ್ತದೆ, ಸಂಪುಟ ಒಪ್ಪುತ್ತದೆ. ಆಮೇಲೆ ಅದು ಸಂಸತ್ತಿಗೆ ಬರುತ್ತದೆ.

ಸಂಸತ್ತಿನಲ್ಲಿ ಪ್ರತಿ ಸದನದಲ್ಲೂ ಮೂರು ಹಂತ. ಮೊದಲನೆಯದು ಮಂಡನೆ. ಎರಡನೆಯದು ಚರ್ಚೆ ಮತ್ತು ಒಂದೊಂದೇ ಕಲಮಿನ ಮೇಲೆ ಮತ. ಮೂರನೆಯದು ಇಡೀ ಮಸೂದೆಯ ಮೇಲೆ ಕೊನೆಯ ಮತ. ಮಂಡನೆಗೂ ಚರ್ಚೆಗೂ ನಡುವೆ ಒಂದು ಪಕ್ಕದ ದಾರಿ ಇದೆ. ಅದೇ ಸಮಿತಿ. ಆ ದಾರಿಯಲ್ಲಿ ಹೋಗಲೇಬೇಕು ಎಂಬ ಕಟ್ಟುನಿಟ್ಟಿಲ್ಲ. ನೇರವಾಗಿ ಚರ್ಚೆಗೂ ಹೋಗಬಹುದು. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸದನದಲ್ಲೇ ಕೂತು ಓದಬಾರದಾ?

ಲೋಕಸಭೆಯಲ್ಲಿ 543 ಸ್ಥಾನಗಳಿವೆ. ಅಷ್ಟು ಜನ ಸೇರಿ 536 ಸೆಕ್ಷನ್‌ಗಳನ್ನು ಒಂದೊಂದಾಗಿ ಚರ್ಚಿಸುವುದು ಆಗದ ಮಾತು. ಸಮಯವೂ ಕಡಿಮೆಯಾಗುತ್ತಾ ಬಂದಿದೆ. ಮೊದಲ ಲೋಕಸಭೆ ವರ್ಷಕ್ಕೆ ಸರಾಸರಿ 135 ದಿನ ಸೇರುತ್ತಿತ್ತು. 17ನೇ ಲೋಕಸಭೆ ಸೇರಿದ್ದು ವರ್ಷಕ್ಕೆ ಸರಾಸರಿ 55 ದಿನ.

ಸಮಯಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಸದನದಲ್ಲಿ ಪಕ್ಷ ವಿಪ್ ಕೊಡುತ್ತದೆ, ಅಂದರೆ ಹೀಗೇ ಮತ ಹಾಕಿ ಎಂಬ ಆದೇಶ. ಅದನ್ನು ಮೀರಿ ಮತ ಹಾಕಿದರೆ ಪಕ್ಷಾಂತರ ನಿಷೇಧ ಕಾನೂನಿನಡಿ ಸದಸ್ಯತ್ವವೇ ಹೋಗಬಹುದು. ಜೊತೆಗೆ ಎದುರಿಗೆ ಕ್ಯಾಮೆರಾ. ಹಾಗಿರುವಾಗ ಆಡಳಿತ ಪಕ್ಷದ ಸಂಸದರೊಬ್ಬರು ಎದ್ದು ನಿಂತು, ಸ್ವಾಮಿ, ಈ ಕಲಂ ಸರಿಯಿಲ್ಲ ಅನ್ನುವುದು ಎಷ್ಟು ಕಷ್ಟ! ಸಮಿತಿಯ ಸಭೆಗೆ ವಿಪ್ ಇಲ್ಲ, ನೇರ ಪ್ರಸಾರವೂ ಇಲ್ಲ. ಅಲ್ಲಿ ಅದೇ ಸಂಸದರು ತಮ್ಮದೇ ಸರ್ಕಾರದ ಅಧಿಕಾರಿಯನ್ನು ಗಟ್ಟಿಯಾಗಿ ಪ್ರಶ್ನಿಸಬಹುದು.

ಸೈಟು ಕೊಳ್ಳುವವರು ಮಾಡುವುದೂ ಇದನ್ನೇ. ಮೂಲ ಪತ್ರ, ಇಸಿ, ಖಾತೆ ಎಲ್ಲವನ್ನೂ ಮೊದಲು ವಕೀಲರ ಮುಂದೆ ಹರಡುತ್ತಾರೆ. ಅವರು ವಾರಗಟ್ಟಲೆ ಕೂತು, ಮೂವತ್ತು ವರ್ಷ ಹಿಂದಿನ ವಿಭಾಗಪತ್ರದಲ್ಲಿ ಒಬ್ಬ ತಂಗಿಯ ಸಹಿ ಇಲ್ಲ ಅನ್ನುವುದನ್ನು ಹಿಡಿಯುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ, ಹೆಬ್ಬೆಟ್ಟು, ಫೋಟೊ ಇಷ್ಟೇ, ಬೇಗ ಮುಗಿಯುತ್ತದೆ. ಮೊದಲ ಕೆಲಸ ಸರಿಯಾಗಿ ಆಗಿದ್ದರೆ ಎರಡನೆಯದು ಬೇಗ ಮುಗಿದರೂ ಚಿಂತೆಯಿಲ್ಲ.

ಮೂರು ಬಗೆಯ ಸಮಿತಿಗಳು

ಸುದ್ದಿಯಲ್ಲಿ ಸ್ಥಾಯಿ ಸಮಿತಿ, ಆಯ್ಕೆ ಸಮಿತಿ, ಜೆಪಿಸಿ ಎಂಬ ಹೆಸರುಗಳು ಒಟ್ಟೊಟ್ಟಿಗೆ ಬರುತ್ತವೆ. ಇವು ಬೇರೆ ಬೇರೆ.

ಸ್ಥಾಯಿ ಸಮಿತಿ ಯಾವಾಗಲೂ ಇರುತ್ತದೆ. ಗೃಹ, ಹಣಕಾಸು, ಕೃಷಿ ಹೀಗೆ ಇಲಾಖೆಗಳನ್ನು ಹಂಚಿಕೊಂಡ 24 ಸಮಿತಿಗಳಿವೆ. 1989ರಲ್ಲಿ ಮೂರು ವಿಷಯಗಳಿಗೆ ಮಾತ್ರ ಶುರುವಾದ ವ್ಯವಸ್ಥೆ 1993ರಲ್ಲಿ 17 ಸಮಿತಿಗಳಾಗಿ, 2004ರಲ್ಲಿ 24 ಆಯಿತು. ಪ್ರತಿಯೊಂದರಲ್ಲೂ 31 ಸದಸ್ಯರು, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಪಕ್ಷಗಳ ಬಲಕ್ಕೆ ತಕ್ಕಂತೆ ಸ್ಥಾನ ಹಂಚುತ್ತಾರೆ, ಸಚಿವರಿಗೆ ಜಾಗವಿಲ್ಲ. ಕೆಲವು ಸಮಿತಿಗಳಿಗೆ ವಿರೋಧ ಪಕ್ಷದವರೇ ಅಧ್ಯಕ್ಷರಾಗುತ್ತಾರೆ. ಮಸೂದೆಯ ಜೊತೆಗೆ ಇಲಾಖೆಗಳ ಬಜೆಟ್ ಬೇಡಿಕೆಯನ್ನೂ ಇವು ನೋಡುತ್ತವೆ. ಆದರೆ ಅವಧಿ ಒಂದೇ ವರ್ಷ. ಸದಸ್ಯರಿಗೆ ವಿಷಯದ ಮೇಲೆ ಹಿಡಿತ ಬರುವ ಹೊತ್ತಿಗೆ ಸಮಿತಿ ಬದಲಾಗುತ್ತದೆ. ಇದು ಈ ವ್ಯವಸ್ಥೆಯ ನಿಜವಾದ ದೌರ್ಬಲ್ಯ.

ಆಯ್ಕೆ ಸಮಿತಿ ಒಂದೇ ಮಸೂದೆಗಾಗಿ ಹುಟ್ಟಿ, ವರದಿ ಕೊಟ್ಟ ಮೇಲೆ ಮುಗಿಯುತ್ತದೆ. ಅದರಲ್ಲಿ ಒಂದೇ ಸದನದ ಸದಸ್ಯರಿರುತ್ತಾರೆ. ಆದಾಯ ತೆರಿಗೆ ಮಸೂದೆ ಹೋದದ್ದು ಇಂಥ ಸಮಿತಿಗೆ. ಎರಡೂ ಸದನದವರು ಸೇರಿದರೆ ಅದು ಜಂಟಿ ಸಂಸದೀಯ ಸಮಿತಿ, ಅಂದರೆ ಜೆಪಿಸಿ. ವಕ್ಫ್ (ಮುಸ್ಲಿಂ ಧಾರ್ಮಿಕ ದತ್ತಿ ಆಸ್ತಿ) ತಿದ್ದುಪಡಿ ಮಸೂದೆಗೆ ರಚಿಸಿದ್ದು 31 ಸದಸ್ಯರ ಜೆಪಿಸಿ. ಲೋಕಸಭೆ, ವಿಧಾನಸಭೆಗಳಿಗೆ ಒಟ್ಟಿಗೆ ಚುನಾವಣೆ ನಡೆಸುವ ಮಸೂದೆಯ ಜೆಪಿಸಿಯಲ್ಲಿ 39 ಸದಸ್ಯರು.

ಹೆಸರಿನಾಚೆ ಇನ್ನೊಂದು ವ್ಯತ್ಯಾಸವಿದೆ, ಸುದ್ದಿಯಲ್ಲಿ ಅದು ಕಾಣುವುದೇ ಇಲ್ಲ. ಸ್ಥಾಯಿ ಸಮಿತಿ ಸಲಹೆ ಮಾತ್ರ ಕೊಡುತ್ತದೆ. ಮಸೂದೆಯ ಬರಹ ಹಾಗೇ ಇರುತ್ತದೆ, ಸಲಹೆ ಹಿಡಿಸಿದರೆ ಸರ್ಕಾರವೇ ತಿದ್ದುಪಡಿ ತರಬೇಕು. ಆಯ್ಕೆ ಸಮಿತಿ ಮತ್ತು ಜೆಪಿಸಿ ಮಸೂದೆಯನ್ನೇ ತಿದ್ದಿ ಸದನಕ್ಕೆ ವಾಪಸ್ ಕಳಿಸುತ್ತವೆ. ಆಮೇಲೆ ಸದನ ಚರ್ಚೆಗೆ ಎತ್ತಿಕೊಳ್ಳುವುದು ಸಾಮಾನ್ಯವಾಗಿ ಆ ತಿದ್ದಿದ ರೂಪವನ್ನು. ಹಾಗಾಗಿ ಈ ಎರಡರಲ್ಲಿ ಬಹುಮತ ಯಾರ ಕಡೆ ಇದೆ ಅನ್ನುವುದು ಜಾಸ್ತಿ ಮುಖ್ಯವಾಗುತ್ತದೆ.

ಕೋಣೆಯ ಒಳಗೆ

ಮೊದಲ ಸಭೆಗೆ ಸಚಿವಾಲಯದ ಕಾರ್ಯದರ್ಶಿ ಮತ್ತು ಅಧಿಕಾರಿಗಳು ಬರುತ್ತಾರೆ. ಈ ಕಾನೂನು ಯಾಕೆ ಬೇಕು, ಈಗಿನದರಲ್ಲಿ ಏನು ಕೊರತೆ, ಯಾವ ಕಲಂ ಏನು ಮಾಡುತ್ತದೆ ಎಂದು ವಿವರಿಸುತ್ತಾರೆ. ಸದಸ್ಯರು ಪ್ರಶ್ನೆ ಕೇಳುತ್ತಾರೆ. ಅಲ್ಲೇ ಉತ್ತರ ಸಿಗದಿದ್ದರೆ ಬರಹದಲ್ಲಿ ಕೊಡಿ ಅನ್ನುತ್ತಾರೆ. ಹೊರಗಿನವರ ಕಣ್ಣಿಗೆ ಬೀಳದ ಈ ಲಿಖಿತ ಉತ್ತರಗಳಲ್ಲೇ ಎಷ್ಟೋ ಸಲ ನಿಜವಾದ ಮಾಹಿತಿ ಇರುತ್ತದೆ. ಕಡೆಗೆ ಅದರ ಬಹುಭಾಗ ವರದಿಯಲ್ಲಿ ಅಚ್ಚಾಗುತ್ತದೆ.

ಆಮೇಲೆ ಸಮಿತಿ ಹೊರಗಿನವರ ಅಭಿಪ್ರಾಯ ಕೇಳುತ್ತದೆ. ಪತ್ರಿಕೆಗಳಲ್ಲಿ ಜಾಹೀರಾತು ಬರುತ್ತದೆ. ಯಾರು ಬೇಕಾದರೂ ಬರೆಯಬಹುದು: ಲೆಕ್ಕಪರಿಶೋಧಕರು, ರೈತ ಸಂಘಗಳು, ವೈದ್ಯರು, ಉದ್ಯಮಿಗಳು, ಕಾನೂನು ವಿದ್ಯಾರ್ಥಿಗಳು, ಸುಮ್ನೆ ಒಬ್ಬ ನಾಗರಿಕರು. ವಕ್ಫ್ ಮಸೂದೆಯ ಜೆಪಿಸಿಗೆ 97 ಲಕ್ಷಕ್ಕೂ ಹೆಚ್ಚು ಮನವಿಗಳು ಬಂದವು. ಅಷ್ಟು ಬಂದಾಗ ಒಂದೊಂದನ್ನೂ ಸದಸ್ಯರು ಓದುವುದು ಸಾಧ್ಯವಿಲ್ಲ. ಸಂಸತ್ತಿನ ಸಚಿವಾಲಯದ ಸಿಬ್ಬಂದಿ ವಿಷಯವಾರು ವಿಂಗಡಿಸಿ ಸಾರಾಂಶ ಕೊಡುತ್ತಾರೆ. ಒಂದೇ ಮಾತನ್ನು ನಕಲು ಮಾಡಿ ಕಳಿಸಿದ ಸಾವಿರ ಪತ್ರಗಳಿಗಿಂತ, ಇಂಥ ಕಲಮಿನಲ್ಲಿ ಇಂಥ ತೊಂದರೆ ಎಂದು ತೋರಿಸುವ ಒಂದು ಪತ್ರಕ್ಕೆ ಅಲ್ಲಿ ತೂಕ ಹೆಚ್ಚು.

ಕೆಲವರನ್ನು ಸಾಕ್ಷಿಗಳಾಗಿ ದೆಹಲಿಗೆ ಕರೆಸುತ್ತಾರೆ. ಇದು ಕೋರ್ಟಿನ ಸಾಕ್ಷಿಯಂತಲ್ಲ, ಪರಿಣತರ ಮಾತು ಕೇಳುವುದು. ಆದರೆ ಸಮಿತಿಗೆ ವ್ಯಕ್ತಿಗಳನ್ನು, ಕಾಗದಪತ್ರಗಳನ್ನು ತರಿಸಿಕೊಳ್ಳುವ ಅಧಿಕಾರವಿದೆ. ಅಗತ್ಯವಿದ್ದರೆ ಸಮಿತಿಯೇ ಊರುಗಳಿಗೂ ಹೋಗುತ್ತದೆ. ವಿಜಯಪುರದ ರೈತರ ಜಮೀನು ವಕ್ಫ್ ಆಸ್ತಿಯೇ ಎಂಬ ವಿಚಾರ ಎದ್ದಾಗ ವಕ್ಫ್ ಜೆಪಿಸಿಯ ಅಧ್ಯಕ್ಷ ಜಗದಂಬಿಕಾ ಪಾಲ್ 2024ರ ನವೆಂಬರ್‌ನಲ್ಲಿ ಹುಬ್ಬಳ್ಳಿಗೂ ವಿಜಯಪುರಕ್ಕೂ ಬಂದಿದ್ದು ಹಲವರಿಗೆ ನೆನಪಿರಬಹುದು. ಅವರೊಬ್ಬರೇ ಬಂದದ್ದು ಸರಿಯೇ ಎಂದು ಸಮಿತಿಯ ವಿರೋಧ ಪಕ್ಷದ ಸದಸ್ಯರು ತಕರಾರು ಎತ್ತಿದ್ದರು.

ಕೊನೆಗೆ ಕಲಂವಾರು ಪರಿಶೀಲನೆ. ಕಲಂ 1 ಇದ್ದಂತೆ ಇರಲಿ, ಕಲಂ 2ರಲ್ಲಿ ಈ ಪದ ಬದಲಾಗಲಿ, ಹೀಗೆ. ನೋಡಲು ಬೇಸರದ ಕೆಲಸ. ಕಾನೂನಿನಲ್ಲಿ ಜನರಿಗೆ ತೊಂದರೆ ಕೊಡುವುದು ಇಂಥ ಸಣ್ಣ ಪದಗಳೇ ಅಲ್ವಾ? ಆದಾಯ ತೆರಿಗೆ ಮಸೂದೆಯಲ್ಲಿ ಬಾಡಿಗೆ ಆದಾಯದ ಮೇಲಿನ ಶೇ 30ರ ಕಡಿತ ಇತ್ತು. ಆದರೆ ಪಾಲಿಕೆಗೆ ಕಟ್ಟಿದ ತೆರಿಗೆಯನ್ನು ಕಳೆದ ಮೇಲೆ ಉಳಿಯುವ ಮೊತ್ತಕ್ಕೆ ಆ ಶೇ 30 ಎಂಬುದು ಸ್ಪಷ್ಟವಿರಲಿಲ್ಲ. ಅದನ್ನು ಬಿಡಿಸಿ ಬರೆಯಿರಿ ಎಂದಿತು ಸಮಿತಿ. ಮನೆ ಕಟ್ಟುವ ಅವಧಿಯಲ್ಲಿ ತೆತ್ತ ಸಾಲದ ಬಡ್ಡಿಯ ವಿನಾಯಿತಿ ಬಾಡಿಗೆಗೆ ಕೊಟ್ಟ ಮನೆಗೂ ಸಿಗಬೇಕು ಎಂದೂ ಹೇಳಿತು. ಸರ್ಕಾರ ಒಪ್ಪಿತು.

ಎಲ್ಲರೂ ಒಪ್ಪದಿದ್ದರೆ?

ಸಮಿತಿ ಒಮ್ಮತಕ್ಕೆ ಪ್ರಯತ್ನಿಸುತ್ತದೆ. ಸಿಗದಿದ್ದರೆ ಮತಕ್ಕೆ ಹಾಕುತ್ತಾರೆ. ಸೋತವರು ಭಿನ್ನಮತದ ಟಿಪ್ಪಣಿ ಬರೆದು ಕೊಡಬಹುದು, ಅದು ವರದಿಯ ಕೊನೆಯಲ್ಲಿ ಸೇರುತ್ತದೆ. ವರದಿ ಓದುವವರಿಗೆ ನನ್ನ ಸಲಹೆ ಏನೆಂದರೆ, ಮೊದಲು ಈ ಟಿಪ್ಪಣಿಗಳನ್ನು ಓದಿ. ಮಸೂದೆಯಲ್ಲಿ ಜಗಳ ಎಲ್ಲಿದೆ ಎಂದು ಬೇಗ ಗೊತ್ತಾಗುತ್ತದೆ.

ವಕ್ಫ್ ಮಸೂದೆಯಲ್ಲಿ ಒಮ್ಮತ ಆಗಲೇ ಇಲ್ಲ. ಆಡಳಿತ ಮೈತ್ರಿಕೂಟದ ಸದಸ್ಯರು ಸೂಚಿಸಿದ 14 ತಿದ್ದುಪಡಿಗಳು ಪಾಸಾದವು. ವಿರೋಧ ಪಕ್ಷದವರವು ಎಲ್ಲವೂ ಬಿದ್ದವು. ವರದಿಗೆ ಒಪ್ಪಿಗೆ ಸಿಕ್ಕಿದ್ದು 15–11 ಮತಗಳಿಂದ. ವಿರೋಧ ಪಕ್ಷದವರ ಟಿಪ್ಪಣಿಗಳ ಕೆಲವು ಭಾಗ ತೆಗೆದಿದ್ದಾರೆ ಎಂದು 2025ರ ಫೆಬ್ರುವರಿಯಲ್ಲಿ ವರದಿ ಮಂಡನೆಯಾದ ದಿನ ಸದನದಲ್ಲೇ ಗಲಾಟೆಯಾಗಿ, ಆ ಭಾಗಗಳನ್ನು ಸೇರಿಸಲಾಯಿತು. ಸಮಿತಿಗೆ ಹೋದ ಮಾತ್ರಕ್ಕೆ ರಾಜಕೀಯ ಹೊರಗೆ ಉಳಿಯುತ್ತದೆ ಅಂದುಕೊಳ್ಳಬೇಡಿ. ಆದರೆ ಯಾರು ಯಾವ ಕಲಮಿಗೆ ಯಾಕೆ ವಿರೋಧಿಸಿದರು ಎಂಬುದು ಕಾಗದದ ಮೇಲೆ ದಾಖಲಾಗುತ್ತದೆ.

ಸರ್ಕಾರ ಕೇಳಲೇಬೇಕಾ?

ಕೇಳಬೇಕಾಗಿಲ್ಲ. ಸಮಿತಿಯ ಶಿಫಾರಸು ಕಡ್ಡಾಯವಲ್ಲ. ಹಾಗಾದರೆ ಏನು ಪ್ರಯೋಜನ ಎಂಬ ಪ್ರಶ್ನೆ ಸಹಜ. ಕೆಲವು ಮಸೂದೆಗಳ ಕಥೆ ನೋಡಿದರೆ ಉತ್ತರ ಸಿಗುತ್ತದೆ.

ಬಾಡಿಗೆ ತಾಯ್ತನದ ಮಸೂದೆಯನ್ನು ಲೋಕಸಭೆ 2019ರಲ್ಲಿ ಪಾಸು ಮಾಡಿತ್ತು. ದಂಪತಿಯ ಹತ್ತಿರದ ಸಂಬಂಧಿಯೇ ಬಾಡಿಗೆ ತಾಯಿಯಾಗಬೇಕು ಎಂದು ಅದರಲ್ಲಿತ್ತು. ರಾಜ್ಯಸಭೆ ಅದನ್ನು ಭೂಪೇಂದರ್ ಯಾದವ್ ಅಧ್ಯಕ್ಷತೆಯ ಆಯ್ಕೆ ಸಮಿತಿಗೆ ಕಳಿಸಿತು. ಸಂಬಂಧಿಯೇ ಆಗಬೇಕೆಂದರೆ ಮನೆಯ ಹೆಣ್ಣುಮಕ್ಕಳ ಮೇಲೆ ಒತ್ತಡ ಬೀಳುತ್ತದೆ, ಒಪ್ಪಿ ಬರುವ ಮಹಿಳೆ ಸಾಕು ಎಂದಿತು ಸಮಿತಿ. ವಿಧವೆಯರು, ವಿಚ್ಛೇದಿತರಿಗೂ ಅವಕಾಶ ಕೊಡಿ ಎಂದಿತು. ಬಾಡಿಗೆ ತಾಯಿಯ ವಿಮೆ 16 ತಿಂಗಳಿನಿಂದ 36 ತಿಂಗಳಿಗೆ ಏರಲಿ ಎಂದಿತು. 2021ರ ಕಾಯ್ದೆಯಲ್ಲಿ ಈ ಮೂರೂ ಇವೆ. ಒಂದು ಸದನ ಆಗಲೇ ಒಪ್ಪಿದ್ದ ಕಾನೂನು ಇಷ್ಟು ಬದಲಾಯಿತು. ಸಮಿತಿಯ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಉದಾಹರಣೆಯನ್ನೇ.

ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆಗಳ ಬದಲಿಗೆ ಬಂದ ಹೊಸ ಅಪರಾಧ ಕಾನೂನುಗಳ ಕಥೆ ಸ್ವಲ್ಪ ಬೇರೆ. 2023ರ ಆಗಸ್ಟ್‌ನಲ್ಲಿ ಆ ಮೂರೂ ಮಸೂದೆಗಳು ಗೃಹ ವ್ಯವಹಾರಗಳ ಸ್ಥಾಯಿ ಸಮಿತಿಗೆ ಹೋದವು. ಸರ್ಕಾರ ಕೆಲವು ಸಲಹೆ ಸೇರಿಸಿಕೊಂಡು ಡಿಸೆಂಬರ್‌ನಲ್ಲಿ ಹೊಸದಾಗಿ ಮಂಡಿಸಿತು. ವಿವಾಹಬಾಹಿರ ಸಂಬಂಧವನ್ನು ಗಂಡು ಹೆಣ್ಣೆಂಬ ಭೇದವಿಲ್ಲದೆ ಅಪರಾಧವಾಗಿಸಿ ಎಂಬ ಸಲಹೆಯನ್ನು ಒಪ್ಪಲಿಲ್ಲ.

ವೈಯಕ್ತಿಕ ದತ್ತಾಂಶ ರಕ್ಷಣೆಯ 2019ರ ಮಸೂದೆ ಎರಡು ವರ್ಷ ಜೆಪಿಸಿಯಲ್ಲಿತ್ತು. ಸಮಿತಿ 81 ತಿದ್ದುಪಡಿ ಸೂಚಿಸಿತು. ಸರ್ಕಾರ 2022ರ ಆಗಸ್ಟ್‌ನಲ್ಲಿ ಮಸೂದೆಯನ್ನೇ ವಾಪಸ್ ಪಡೆಯಿತು. 2023ರಲ್ಲಿ ಬಂದ ಹೊಸ ಮಸೂದೆ ಸಮಿತಿಗೆ ಹೋಗಲಿಲ್ಲ. ಮಂಡನೆಯಾದ ಒಂದು ವಾರದೊಳಗೆ ಎರಡೂ ಸದನ ದಾಟಿತು.

ಸಮಿತಿಯಲ್ಲೇ ಕೊನೆಯುಸಿರೆಳೆದ ಮಸೂದೆಯೂ ಇದೆ. ಹೆಣ್ಣುಮಕ್ಕಳ ಮದುವೆ ವಯಸ್ಸನ್ನು 18ರಿಂದ 21ಕ್ಕೆ ಏರಿಸುವ ಮಸೂದೆ 2021ರ ಡಿಸೆಂಬರ್‌ನಲ್ಲಿ ಸ್ಥಾಯಿ ಸಮಿತಿಗೆ ಹೋಯಿತು. 17ನೇ ಲೋಕಸಭೆ ವಿಸರ್ಜನೆಯಾದಾಗ ಅದೂ ಬಿದ್ದುಹೋಯಿತು. ಅದನ್ನು ಪರಿಶೀಲಿಸಲು ಹೊರಟಾಗ ಆ ಸಮಿತಿಯಲ್ಲಿ ಇದ್ದದ್ದು ಒಬ್ಬರೇ ಮಹಿಳೆ.

ಸಮಿತಿಗೆ ಕಳಿಸುವವರು ಯಾರು?

ಸ್ಥಾಯಿ ಸಮಿತಿಗೆ ಕಳಿಸುವ ಅಧಿಕಾರ ಲೋಕಸಭೆಯ ಸ್ಪೀಕರ್ ಮತ್ತು ರಾಜ್ಯಸಭೆಯ ಸಭಾಪತಿಯವರದು. ಆಯ್ಕೆ ಸಮಿತಿ, ಜೆಪಿಸಿಗಳಿಗೆ ಸದನ ನಿರ್ಣಯ ಮಾಡಬೇಕು. ಸದನದಲ್ಲಿ ಬಹುಮತ ಸರ್ಕಾರದ್ದೇ ಆದ್ದರಿಂದ ಸರ್ಕಾರದ ಇಷ್ಟವೇ ನಡೆಯುವುದು ಹೆಚ್ಚು.

ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯ ಲೆಕ್ಕದಂತೆ 14ನೇ ಲೋಕಸಭೆಯಲ್ಲಿ ಶೇ 60ರಷ್ಟು, 15ನೇ ಲೋಕಸಭೆಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು. 16ನೇ ಲೋಕಸಭೆಯಲ್ಲಿ ಅದು ಸುಮಾರು ಕಾಲು ಭಾಗಕ್ಕೆ ಇಳಿಯಿತು. 17ನೇ ಲೋಕಸಭೆಯಲ್ಲಿ, ಅಂದರೆ 2019ರಿಂದ 2024ರವರೆಗೆ, ಶೇ 16. ಬೇಗ ಕಾನೂನು ಬೇಕಾದಾಗ ಸಮಿತಿ ತಡಮಾಡುತ್ತದೆ ಎಂಬುದು ನೇರ ದಾರಿಯನ್ನು ಬೆಂಬಲಿಸುವವರ ವಾದ. ಸಮಿತಿಗಳು ಪದೇ ಪದೇ ಗಡುವು ವಿಸ್ತರಿಸಿಕೊಳ್ಳುವುದು ನೋಡಿದರೆ ಆ ವಾದವನ್ನು ತಳ್ಳಿಹಾಕಲಾಗದು.

ಇನ್ನೊಂದು ಕಡೆ 2020ರ ಮೂರು ಕೃಷಿ ಕಾನೂನುಗಳಿವೆ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅವು ಸಮಿತಿಗೆ ಹೋಗದೆ ಪಾಸಾದವು. ಆಯ್ಕೆ ಸಮಿತಿಗೆ ಕಳಿಸಿ ಎಂದು ರಾಜ್ಯಸಭೆಯಲ್ಲಿ ವಿರೋಧ ಪಕ್ಷಗಳು ಕೇಳಿದವು, ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕಾರವಾಯಿತು. ವರ್ಷವಿಡೀ ದೆಹಲಿಯ ಗಡಿಯಲ್ಲಿ ರೈತರು ಕೂತರು. 2021ರ ನವೆಂಬರ್‌ನಲ್ಲಿ ಮೂರೂ ಕಾನೂನು ರದ್ದಾದವು. ರೈತ ಸಂಘಗಳು ರಸ್ತೆಯಲ್ಲಿ ಹೇಳಿದ್ದನ್ನು ಸಮಿತಿಯ ಮುಂದೆ ಮೊದಲೇ ಹೇಳುವ ಅವಕಾಶ ಅವರಿಗೆ ಸಿಗಲಿಲ್ಲ.

ಯಾವ ಸಮಿತಿಗೆ ಎಂಬುದೂ ವಿವಾದವಾಗುತ್ತದೆ. 2023ರಲ್ಲಿ ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆ ಪರಿಸರದ ಸ್ಥಾಯಿ ಸಮಿತಿಯ ಬದಲು ಒಂದು ಜಂಟಿ ಸಮಿತಿಗೆ ಹೋಯಿತು. ಸ್ಥಾಯಿ ಸಮಿತಿಯ ಅಧ್ಯಕ್ಷರು ಆಗ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದ ಜೈರಾಮ್ ರಮೇಶ್. ಅವರು ಬಹಿರಂಗವಾಗಿ ಆಕ್ಷೇಪಿಸಿದರು. ಜಂಟಿ ಸಮಿತಿ ಮಸೂದೆಯಲ್ಲಿ ಯಾವ ಬದಲಾವಣೆಯನ್ನೂ ಸೂಚಿಸಲಿಲ್ಲ, ಕೆಲವು ಸದಸ್ಯರು ಭಿನ್ನಮತ ದಾಖಲಿಸಿದರು.

ನಮ್ಮ ವಿಧಾನಸೌಧದಲ್ಲಿ

ರಾಜ್ಯದ ಮಸೂದೆಗಳೂ ಸಮಿತಿಗೆ ಹೋಗಬಹುದು. ಇತ್ತೀಚಿನ ದೊಡ್ಡ ಉದಾಹರಣೆ ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ. 2024ರ ಜುಲೈನಲ್ಲಿ ಮಂಡನೆಯಾದಾಗ ಬೆಂಗಳೂರನ್ನು ಒಡೆಯುತ್ತಾರೆ ಎಂಬ ವಿರೋಧ ಬಂತು. ಸರ್ಕಾರ ಅದನ್ನು ಶಾಸಕ ರಿಜ್ವಾನ್ ಅರ್ಷದ್ ಅಧ್ಯಕ್ಷತೆಯ ಜಂಟಿ ಸಮಿತಿಗೆ ಒಪ್ಪಿಸಿತು. ಸಮಿತಿ ಜನರ ಅಭಿಪ್ರಾಯ ಕೇಳಿ 2025ರ ಫೆಬ್ರುವರಿಯಲ್ಲಿ ವರದಿ ಕೊಟ್ಟಿತು. ಮಾರ್ಚ್‌ನಲ್ಲಿ ಮಸೂದೆ ಪಾಸಾಯಿತು. ಏಳರವರೆಗೆ ಪಾಲಿಕೆಗಳನ್ನು ಮಾಡಲು ಕಾಯ್ದೆ ಅವಕಾಶ ಕೊಡುತ್ತದೆ, ಈಗ ಆಗಿರುವುದು ಐದು. ಇಂಥ ಪರಿಶೀಲನೆ ರಾಜ್ಯಗಳಲ್ಲಿ ಅಪರೂಪ. ಕೇರಳದಲ್ಲಿ ಮಾತ್ರ ಮಸೂದೆಗಳನ್ನು ವಿಷಯ ಸಮಿತಿಗಳಿಗೆ ಕಳಿಸುವ ಪದ್ಧತಿ ಬಹಳ ಹಿಂದಿನಿಂದ ಇದೆ.

ನೀವೇ ಬರೆಯಬೇಕೆಂದರೆ

ಸಂಸತ್ತಿನ ಸಮಿತಿ ಅಭಿಪ್ರಾಯ ಕೇಳುವ ಪ್ರಕಟಣೆ ಪತ್ರಿಕೆಗಳಲ್ಲೂ ಲೋಕಸಭೆ, ರಾಜ್ಯಸಭೆಗಳ ಜಾಲತಾಣಗಳಲ್ಲೂ ಬರುತ್ತದೆ. ಸಾಮಾನ್ಯವಾಗಿ ಎರಡು ವಾರದಷ್ಟೇ ಸಮಯ ಇರುತ್ತದೆ. ಹಾಗಾಗಿ ಮಸೂದೆ ಸಮಿತಿಗೆ ಹೋಯಿತು ಎಂಬ ಸುದ್ದಿ ಕೇಳಿದ ದಿನವೇ ಅದರ ಪ್ರತಿ ಹುಡುಕಿ ಇಟ್ಟುಕೊಳ್ಳುವುದು ಒಳ್ಳೆಯದು.

ಇಡೀ ಮಸೂದೆಯ ಬಗ್ಗೆ ಬರೆಯಬೇಕೆಂದೇನಿಲ್ಲ. ನಿಮ್ಮ ಕೆಲಸಕ್ಕೆ, ಊರಿಗೆ, ಕುಟುಂಬಕ್ಕೆ ತಟ್ಟುವ ಒಂದು ಕಲಂ ಸಾಕು. ಕಲಮಿನ ಸಂಖ್ಯೆ ಹಾಕಿ. ಅದರಿಂದ ಆಗುವ ತೊಂದರೆ ಹೇಳಿ. ಬದಲಿಗೆ ಯಾವ ಪದಗಳು ಬರಬೇಕು ಎಂದು ನೀವೇ ಬರೆದು ಕೊಡಿ. ಸಮಿತಿಯ ಮುಂದೆ ಬಂದು ಮಾತಾಡುವ ಇಚ್ಛೆ ಇದ್ದರೆ ಅದನ್ನೂ ಪತ್ರದಲ್ಲೇ ತಿಳಿಸಬೇಕು. ಯಾರನ್ನು ಕರೆಯಬೇಕು ಎಂಬುದು ಸಮಿತಿಗೆ ಬಿಟ್ಟದ್ದು. ಕಳಿಸಿದ ಮನವಿ ಸಮಿತಿಯ ದಾಖಲೆಯ ಭಾಗವಾಗುತ್ತದೆ, ಗೋಪ್ಯವಾಗಿ ಇಡಬೇಕು ಎಂದು ಪ್ರಕಟಣೆಯಲ್ಲೇ ಸೂಚನೆ ಇರುತ್ತದೆ. ಅದನ್ನು ಓದಿಕೊಳ್ಳಿ, ಬರೆದ ತಕ್ಷಣ ವಾಟ್ಸ್‌ಆ್ಯಪ್‌ನಲ್ಲಿ ಹಂಚಬೇಡಿ.

ಕನ್ನಡಿಗರಿಗೆ ಒಂದು ತೊಡಕಿದೆ. ಸಂಸತ್ತಿನ ಸಮಿತಿಗಳು ಸಾಮಾನ್ಯವಾಗಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆದು ಕಳಿಸಿ ಅನ್ನುತ್ತವೆ. ಹಳ್ಳಿಯ ರೈತ ಸಂಘವೋ ಸ್ವಸಹಾಯ ಗುಂಪೋ ಬರೆಯಬೇಕೆಂದರೆ ಅನುವಾದಕ್ಕೆ ಯಾರನ್ನಾದರೂ ಹುಡುಕಬೇಕು. ಕಾಲೇಜು ಓದುವ ಮಕ್ಕಳು, ಊರಿನ ಮೇಷ್ಟ್ರು, ತಾಲ್ಲೂಕಿನ ವಕೀಲರು ಇಂಥ ಹೊತ್ತಿನಲ್ಲಿ ನೆರವಾಗಬಹುದು. ನಮ್ಮ ಶಾಸಕಾಂಗದ ಸಮಿತಿಗೆ ಬರೆಯುವಾಗ ಈ ತೊಂದರೆ ಇಲ್ಲ, ಕನ್ನಡದಲ್ಲೇ ಬರೆಯಬಹುದು.